ಆನೆಗೊಂದಿಯ ಕನಸು, ಧಾರವಾಡದ ದುಡಿಮೆ

ಕಳೆದ ದಸರೆಯ ರಜೆಯಲ್ಲಿ ಅಟ್ಟದ ಧೂಳು ಹೊಡೆಯುವ ಸಂಭ್ರಮದಲ್ಲಿ ನಮ್ಮ ಮನೆಯ ಹಳೆಯ ಕಬ್ಬಿಣದ ಪೆಟ್ಟಿಗೆಯೊಂದು ಕೆಳಗಿಳಿಯಿತು. ಅದರ ತಳದಲ್ಲಿ, ಹಳೆಯ ಪರೀಕ್ಷೆಯ ಪ್ರಶ್ನಪತ್ರಿಕೆಗಳ ಕೆಳಗೆ, ಕೆಂಪು ರಟ್ಟಿನ ಒಂದು ದಪ್ಪ ನೋಟುಪುಸ್ತಕ ಸಿಕ್ಕಿತು. ಮೇಲೆ ನನ್ನದೇ ಅಕ್ಷರ: ‘ನಮ್ಮ ತಾಲ್ಲೂಕಿನ ಶಾಸನಗಳು ಮತ್ತು ವೀರಗಲ್ಲುಗಳು’. ಹದಿನಾಲ್ಕು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಹಂಪೆಗೆ ಕರೆದೊಯ್ದಿದ್ದಾಗ ಹೊಸಪೇಟೆಯ ಅಂಗಡಿಯೊಂದರಲ್ಲಿ ಕೊಂಡದ್ದು ಅದು. ಆ ಸಂಜೆ ವಿಠ್ಠಲನ ಗುಡಿಯ ಅಂಗಳದಲ್ಲಿ ನಿಂತಾಗ ಮೈ ನವಿರೆದ್ದಿತ್ತು. ರಾತ್ರಿ ಛತ್ರದಲ್ಲಿ ನಿದ್ದೆ ಹತ್ತಿರ ಸುಳಿಯಲಿಲ್ಲ. ದೊಡ್ಡದೊಂದು ಗ್ರಂಥ ಬರೆಯುವುದೆಂದು ನಿಶ್ಚಯಿಸಿದೆ. ಮುನ್ನುಡಿಯನ್ನು ಯಾರಿಂದ ಬರೆಯಿಸಬೇಕು, ಅರ್ಪಣೆ ಯಾರಿಗೆ, ಬಿಡುಗಡೆಯ ದಿನ ನಾನು ಏನು ಮಾತನಾಡಬೇಕು ಎಂಬುದು ಕೂಡ ಬೆಳಗಾಗುವ ಹೊತ್ತಿಗೆ ತೀರ್ಮಾನವಾಗಿಹೋಗಿತ್ತು. ಪುಸ್ತಕ ತೆರೆದು ನೋಡಿದರೆ ಬರೆದಿರುವುದು ಮೂರು ಪುಟ. ಮೂರನೆಯ ಪುಟದ ಕೆಳಭಾಗದಲ್ಲಿ ಆ ವರ್ಷದ ಹಾಲಿನ ಲೆಕ್ಕ.

“ರೀ, ಇದನ್ನೂ ರದ್ದಿಗೆ ಹಾಕಲಾ?” ಎಂದು ನನ್ನಾಕೆ ಕೇಳಿದಳು. ಬೇಡವೆಂದೆ. ಏಕೆ ಬೇಡ ಎಂದು ಅವಳು ಕೇಳಲಿಲ್ಲ; ಕೇಳಿದ್ದರೆ ಉತ್ತರ ನನ್ನಲ್ಲಿರಲಿಲ್ಲ.

ಆ ಮಧ್ಯಾಹ್ನವೆಲ್ಲ ನನಗೆ ನೆನಪಾಗುತ್ತಿದ್ದವರು ಅದೇ ತುಂಗಭದ್ರೆಯ ದಡದಲ್ಲಿ, ನನಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದೆ, ಅದೇ ಬಗೆಯ ಕನಸು ಕಂಡ ಇನ್ನೊಬ್ಬ ತರುಣರು. ಆಲೂರು ವೆಂಕಟರಾಯರು. ಅವರನ್ನು ನಾವು ಕನ್ನಡದ ಕುಲಪುರೋಹಿತರೆಂದು ಕರೆದು, ನವೆಂಬರ್ ತಿಂಗಳಲ್ಲಿ ಭಾವಚಿತ್ರಕ್ಕೆ ಹಾರ ಹಾಕಿ, ಉಳಿದ ಹನ್ನೊಂದು ತಿಂಗಳು ಮರೆತಿರುತ್ತೇವೆ. ಭಾಷಣಗಳಲ್ಲಿ ಅವರ ಕಥೆಯನ್ನು ಹೇಳುವ ರೀತಿ ಹೀಗೆ: ೧೯೦೫ರಲ್ಲಿ ಆನೆಗೊಂದಿ, ಹಂಪೆಗಳಿಗೆ ಹೋದರು, ಹಾಳು ನೋಡಿದರು, ಕರ್ನಾಟಕದ ದರ್ಶನವಾಯಿತು, ೧೯೫೬ರಲ್ಲಿ ರಾಜ್ಯ ಒಂದಾಯಿತು. ಹಾಳು ನೋಡಿ ಮೈ ನವಿರೆದ್ದವರು ಆ ಮೊದಲೂ ಇದ್ದರು, ಆಮೇಲೂ ಇದ್ದಾರೆ. ಅವರಲ್ಲಿ ನಾನೂ ಒಬ್ಬ. ನಡುವಿನ ವರ್ಷಗಳಲ್ಲಿ ನಡೆದದ್ದೇನು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಬೇಕಾದದ್ದು ಆ ನಡುವಿನ ವರ್ಷಗಳು.

ವೆಂಕಟರಾಯರು ಹುಟ್ಟಿದ್ದು ೧೮೮೦ರ ಜುಲೈ ೧೨ರಂದು, ವಿಜಾಪುರದಲ್ಲಿ. ಕಾಲೇಜಿಗೆ ಹೋದದ್ದು ಪುಣೆಯ ಫರ್ಗ್ಯುಸನ್ ಕಾಲೇಜಿಗೆ. ಆಗ ಉತ್ತರ ಕರ್ನಾಟಕದ ಹುಡುಗರಿಗೆ ಹೆಚ್ಚಿನ ಓದೆಂದರೆ ಪುಣೆ, ಮುಂಬಯಿ. ಮೈಸೂರು ಬೇರೆಯೇ ದೇಶ. ಪುಣೆಯ ಗಾಳಿಯಲ್ಲಿ ಆಗ ಇದ್ದುದು ಇತಿಹಾಸ. ತಿಲಕರು ‘ಕೇಸರಿ’ಯ ಮೂಲಕ ಶಿವಾಜಿಯನ್ನು ಮನೆಮನೆಯ ಮಾತಾಗಿಸಿದ್ದರು. ವಿ. ಕಾ. ರಾಜವಾಡೆಯವರು ಊರೂರು ಅಲೆದು, ಹಳೆಯ ವಾಡೆಗಳ ಕಾಗದಪತ್ರಗಳನ್ನು ಬೇಡಿ ತಂದು, ಮರಾಠರ ಇತಿಹಾಸದ ಸಾಧನಗಳ ಮೊದಲ ಸಂಪುಟವನ್ನು ೧೮೯೮ರಲ್ಲಿ ಅಚ್ಚು ಹಾಕಿಸಿದ್ದರು. ಕನ್ನಡದ ಹುಡುಗನೊಬ್ಬ ಇದನ್ನೆಲ್ಲ ನೋಡಿ ಏನು ಮಾಡಬಹುದಿತ್ತು? ಹಲವರು ಮಾಡಿದ್ದನ್ನೇ ಮಾಡಬಹುದಿತ್ತು. ಮರಾಠಿಯಲ್ಲೇ ಓದಿ, ಮರಾಠಿಯಲ್ಲೇ ಬರೆದು, ಶಿವಾಜಿಯನ್ನೇ ತನ್ನವನೆಂದುಕೊಂಡು ಸುಖವಾಗಿರಬಹುದಿತ್ತು. ಆ ಕಾಲದ ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿ ಕಲಿತವರ ಮಾತು ಬಹುಮಟ್ಟಿಗೆ ಮರಾಠಿಯೇ ಆಗಿತ್ತೆಂಬುದನ್ನು ಇಂದಿನ ಓದುಗರು ಮರೆಯಬಾರದು. ಕನ್ನಡವನ್ನು ಎತ್ತಿ ಹಿಡಿಯಲೆಂದೇ ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಬೇಕಾಗಿ ಬಂದಿತ್ತು.

ಹೀಗೆ, ಆನೆಗೊಂದಿಗೆ ಹೋಗುವ ಮೊದಲೇ ಅವರ ಮನಸ್ಸಿನಲ್ಲಿ ಉರಿಯುತ್ತಿದ್ದ ದೀಪ ನೆರೆಮನೆಯಿಂದ ಹಚ್ಚಿಕೊಂಡು ತಂದದ್ದು. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ನಮ್ಮ ಅಭಿಮಾನಕ್ಕೆ ಪುಣೆಯ ಋಣವೇ ಎನ್ನುತ್ತಾರೆ. ಋಣ ಹೌದು. ಪುಣೆಯದು ಮಾತ್ರವಲ್ಲ, ಲಂಡನ್ನಿನದೂ ಹೌದು, ಲಿಸ್ಬನ್ನಿನದೂ ಹೌದು.

ವಿಜಯನಗರವನ್ನು ಆ ಕಾಲದ ಓದುಗರಿಗೆ ಮತ್ತೆ ಕಾಣಿಸಿದವರು ಯಾರೆಂದು ನೋಡಿ. ಹದಿನಾರನೆಯ ಶತಮಾನದಲ್ಲಿ ಡೊಮಿಂಗೊ ಪಯಸ್, ಫೆರ್ನಾವ್ ನೂನಿಜ್ ಎಂಬ ಇಬ್ಬರು ಪೋರ್ತುಗೀಜರು ಆ ಪಟ್ಟಣವನ್ನು ಕಣ್ಣಾರೆ ಕಂಡು ಬರೆದಿಟ್ಟ ವೃತ್ತಾಂತಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ ಮಲಗಿದ್ದವು. ದಾವಿದ್ ಲೋಪೆಸ್ ಎಂಬ ವಿದ್ವಾಂಸರು ಅವನ್ನು ೧೮೯೭ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ಅವನ್ನು ಇಂಗ್ಲಿಷಿಗೆ ತಂದು, ಜೊತೆಗೆ ತಾವು ಕೂಡಿಸಿದ ಚರಿತ್ರೆಯನ್ನೂ ಸೇರಿಸಿ, ರಾಬರ್ಟ್ ಸೆವೆಲ್ ೧೯೦೦ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಎಂಬ ಗ್ರಂಥ ಹೊರಡಿಸಿದರು. ಸೆವೆಲ್ ಮದರಾಸು ಸರ್ಕಾರದ ಸಿವಿಲ್ ಅಧಿಕಾರಿ. ‘ಮರೆತುಹೋದ ಸಾಮ್ರಾಜ್ಯ’ ಎಂದು ಹೆಸರಿಟ್ಟರಲ್ಲ, ಮರೆತವರು ಯಾರು? ಆ ಹೆಸರು ಓದಿದಾಗಲೆಲ್ಲ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ಇತ್ತ ಚಾಳುಕ್ಯ, ರಾಷ್ಟ್ರಕೂಟರ ವಂಶಾವಳಿಯನ್ನು ಶಾಸನಗಳಿಂದ ಬಿಡಿಸಿ ಕೊಟ್ಟವರು ಮುಂಬಯಿ ಸರ್ಕಾರದ ಫ್ಲೀಟ್ ಸಾಹೇಬರು. ಮೈಸೂರಿನಲ್ಲಿ ಬಿ. ಎಲ್. ರೈಸರು ೧೮೮೬ರಲ್ಲಿ ಕೊಡಗಿನ ಸಂಪುಟದಿಂದ ಮೊದಲುಮಾಡಿ ಇಪ್ಪತ್ತು ವರ್ಷದೊಳಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳನ್ನು ಮುಗಿಸಿದರು. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಇತ್ತೆಂದು ಒಂಬತ್ತನೆಯ ಶತಮಾನದಲ್ಲೇ ಸಾರಿದ ‘ಕವಿರಾಜಮಾರ್ಗ’ ಅಚ್ಚಿನಲ್ಲಿ ಬಂದದ್ದು ೧೮೯೮ರಲ್ಲಿ, ಕೆ. ಬಿ. ಪಾಠಕರ ಸಂಪಾದನೆಯಲ್ಲಿ. ಇಂದು ಎಲ್ಲ ವೇದಿಕೆಗಳಲ್ಲಿ ಕೇಳುವ ಆ ಮಾತು, ವೆಂಕಟರಾಯರು ಆನೆಗೊಂದಿಗೆ ಹೋದಾಗ ಅಚ್ಚಾಗಿ ಏಳೇ ವರ್ಷವಾಗಿತ್ತು.

ಎಂದರೆ, ಸಾಮಗ್ರಿ ಇತ್ತು. ಆದರೆ ಅದು ಇದ್ದುದು ಇಂಗ್ಲಿಷಿನಲ್ಲಿ, ಬೆಲೆಯಾದ ಸಂಪುಟಗಳಲ್ಲಿ, ಸರ್ಕಾರಿ ಕಪಾಟುಗಳಲ್ಲಿ. ಧಾರವಾಡದ ಕನ್ನಡ ಶಾಲೆಯ ಮಾಸ್ತರರಿಗೆ ಪುಲಕೇಶಿಯ ಹೆಸರು ಗೊತ್ತಿರಲು ದಾರಿಯೇ ಇರಲಿಲ್ಲ.

೧೯೦೫ಕ್ಕೆ ಬರೋಣ. ವೆಂಕಟರಾಯರಿಗೆ ಇಪ್ಪತ್ತೈದು ವರ್ಷ. ಕಾನೂನಿನ ಪದವಿ ಕೈಗೆ ಬಂದಿದೆ. ಅದೇ ವರ್ಷದ ಅಕ್ಟೋಬರ್ ೧೬ರಂದು ಕರ್ಜನ್ ಸಾಹೇಬರ ಆಡಳಿತ ಬಂಗಾಳವನ್ನು ಎರಡು ಹೋಳು ಮಾಡಿತು, ದೇಶವೆಲ್ಲ ಹೊತ್ತಿಕೊಂಡಿತು. ಅಂಥ ವರ್ಷದಲ್ಲಿ ಅವರು ಕಂಡ ನೋಟ ಎಂಥದೆಂಬುದನ್ನು ಭೂಪಟ ಮುಂದಿಟ್ಟುಕೊಂಡು ನೋಡಿದರೆ ಮಾತ್ರ ತಿಳಿಯುತ್ತದೆ. ಅವರು ಬಂದದ್ದು ಮುಂಬಯಿ ಇಲಾಖೆಯಿಂದ. ಹೊಳೆಯ ಉತ್ತರ ದಡದ ಆನೆಗೊಂದಿ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು. ದಕ್ಷಿಣ ದಡದ ಹಂಪೆ ಬಳ್ಳಾರಿ ಜಿಲ್ಲೆ, ಮದರಾಸು ಇಲಾಖೆ. ಹರಿಗೋಲಿನಲ್ಲಿ ಕುಳಿತು ಹೊಳೆ ದಾಟಿದರೆ ಸರ್ಕಾರ ಬದಲಾಗುತ್ತಿತ್ತು! ವಿಜಯನಗರದವರ ಹಳೆಯ ನೆಲೆ ಒಂದು ಸರ್ಕಾರದ್ದು, ಅವರು ಕಟ್ಟಿದ ಪಟ್ಟಣ ಇನ್ನೊಂದು ಸರ್ಕಾರದ್ದು, ಅದನ್ನು ನೋಡಲು ಬಂದ ಕನ್ನಡಿಗ ಮೂರನೆಯ ಸರ್ಕಾರದ ಪ್ರಜೆ. ಮೈಸೂರು, ಕೊಡಗು, ಸಣ್ಣಪುಟ್ಟ ಸಂಸ್ಥಾನಗಳು ಇನ್ನೂ ಬೇರೆ. ಬಂಗಾಳವನ್ನು ಎರಡಾಗಿ ಕಡಿದರೆಂದು ದೇಶವೆಲ್ಲ ಕೂಗೆದ್ದಿತು. ನೂರು ವರ್ಷದ ಹಿಂದೆಯೇ ಚೂರುಚೂರಾಗಿದ್ದ ಕನ್ನಡಿಗರಿಗೆ ನೋವೇ ಗೊತ್ತಾಗಿರಲಿಲ್ಲ. ಈ ಹೋಲಿಕೆ ಅವರ ಮನಸ್ಸಿನಲ್ಲಿ ಹಾಗೆಯೇ ಮೂಡಿತೆಂದು ನಾನು ಸಾಧಿಸಹೊರಟಿಲ್ಲ. ಆದರೆ ಆ ದರ್ಶನ ತಮ್ಮ ಬಾಳನ್ನೇ ತಿರುಗಿಸಿತೆಂಬುದನ್ನು ತಮ್ಮ ಜೀವನಸ್ಮೃತಿಗಳಲ್ಲಿ ಅವರೇ ತೋಡಿಕೊಂಡಿದ್ದಾರೆ.

ಇಲ್ಲಿಯವರೆಗೆ ಅವರಿಗೂ ನನಗೂ ದೊಡ್ಡ ಅಂತರವಿಲ್ಲ. ನಾನೂ ಆ ರಾತ್ರಿ ನಿದ್ದೆಗೆಟ್ಟವನೇ. ಅಂತರ ಮೊದಲಾಗುವುದು ಊರಿಗೆ ಹಿಂದಿರುಗಿದ ಮೇಲೆ.

ಅವರು ಮೊದಲಿಗೇ ‘ಗತವೈಭವ’ ಬರೆಯಲು ಕೂರಲಿಲ್ಲ. ಇದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಧಾರವಾಡದಲ್ಲಿ ವಕೀಲಿ ಹೂಡಿದರು. ೧೯೦೬ರಲ್ಲಿ ವಿದ್ಯಾವರ್ಧಕ ಸಂಘದ ಮಾಸಪತ್ರಿಕೆ ‘ವಾಗ್ಭೂಷಣ’ದ ಕೆಲಸವನ್ನು ಕೈಗೆತ್ತಿಕೊಂಡರು. ಮಾಸಪತ್ರಿಕೆಯ ಕೆಲಸವೆಂದರೆ ಏನೆಂಬುದು ಮಾಡಿದವರಿಗೆ ಗೊತ್ತು: ಲೇಖನಕ್ಕಾಗಿ ಪತ್ರ ಬರೆಯುವುದು, ಬಾರದಿದ್ದರೆ ತಾವೇ ಬರೆಯುವುದು, ಕರಡು ತಿದ್ದುವುದು, ಚಂದಾದಾರರನ್ನು ಕಾಡುವುದು. ಕನಸಿಗೂ ಇದಕ್ಕೂ ಏನು ಸಂಬಂಧ ಎನ್ನಿಸಬಹುದು. ಆದರೆ ತಿಂಗಳಿಗೊಮ್ಮೆ ತಪ್ಪದೆ ಕನ್ನಡ ಗದ್ಯ ಬರೆಯಬೇಕಾದ ಕಟ್ಟು ಅವರಿಗೆ ಬಿದ್ದದ್ದು ಅಲ್ಲಿ. ೧೯೦೭ರಲ್ಲಿ ‘ವಿದ್ಯಾರಣ್ಯ ಚರಿತ್ರೆ’ ಬರೆದರು. ಇಡೀ ವಿಜಯನಗರವನ್ನಲ್ಲ, ಅದರ ಬಾಗಿಲಲ್ಲಿ ನಿಂತ ಒಬ್ಬರ ಚರಿತ್ರೆಯನ್ನು. ಒಬ್ಬನ ಕೈಗೆ ಎಟುಕುವಷ್ಟು ಕೆಲಸ. ಅದೇ ವರ್ಷ ಧಾರವಾಡದಲ್ಲಿ ಕರ್ನಾಟಕ ಗ್ರಂಥಕರ್ತರ ಸಮ್ಮೇಳನ ಸೇರಿಸಿದರು. ಕನ್ನಡ ಬರೆಯುವವರು ಒಬ್ಬರ ಮುಖ ಒಬ್ಬರು ನೋಡಲಿ ಎಂಬಷ್ಟೇ ಆಸೆ. ಮೈಸೂರಿನವರಿಗೆ ಧಾರವಾಡದವರ ಕನ್ನಡ ಒರಟು, ಧಾರವಾಡದವರಿಗೆ ಮೈಸೂರಿನವರ ಕನ್ನಡ ಪುಸ್ತಕದ್ದು. ಒಂದೇ ಚಾವಡಿಯಲ್ಲಿ ಕುಳಿತದ್ದೇ ಒಂದು ಘಟನೆ. ಎಂಟು ವರ್ಷ ಕಳೆದು, ೧೯೧೫ರಲ್ಲಿ, ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟುವ ಹೊತ್ತಿಗೆ ಈ ಮುಖಪರಿಚಯ ಉಪಯೋಗಕ್ಕೆ ಬಂತು.

೧೯೧೦ರಲ್ಲಿ ಪುಣೆಯಲ್ಲಿ ರಾಜವಾಡೆಯವರು ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಕಟ್ಟಿದರು. ೧೯೧೪ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಹುಟ್ಟಿತು. ಹೆಸರು ನೋಡಿ, ಮುಚ್ಚುಮರೆಯೇ ಇಲ್ಲ! ಎರವಲನ್ನು ಎರವಲೆಂದು ಬಚ್ಚಿಡುವ ಸಣ್ಣತನ ಆ ಪೀಳಿಗೆಗೆ ಇರಲಿಲ್ಲ. ಆದರೆ ಮಂಡಳದ ಹೆಸರನ್ನು ಎರವಲು ತರಬಹುದು, ಬಾದಾಮಿಯ ಶಾಸನವನ್ನು ಎರವಲು ತರಲಾಗುವುದಿಲ್ಲ. ಅದನ್ನು ಬಾದಾಮಿಗೆ ಹೋಗಿಯೇ ಓದಬೇಕು. ಪುಣೆಯ ಪದ್ಧತಿ ಕನ್ನಡದ ಕೆಲಸವಾದದ್ದು ಈ ಜಾಗದಲ್ಲಿ ಎಂದು ನನಗೆ ತೋರುತ್ತದೆ: ಮರಾಠರ ಮಾದರಿಯಲ್ಲಿ ಕನ್ನಡದ ಶಿವಾಜಿಯೊಬ್ಬನನ್ನು ಹುಟ್ಟಿಸಿಕೊಂಡು ಕೂರದೆ, ಐಹೊಳೆ, ಪಟ್ಟದಕಲ್ಲು, ಎಲ್ಲೋರಗಳ ಕಲ್ಲುಗಳನ್ನೇ ಸಾಕ್ಷಿಗೆ ಕರೆದರು.

‘ಕರ್ನಾಟಕ ಗತವೈಭವ’ ಹೊರಬಂದದ್ದು ೧೯೧೭ರಲ್ಲಿ. ಆನೆಗೊಂದಿಯಿಂದ ಲೆಕ್ಕ ಹಾಕಿದರೆ ಹನ್ನೆರಡು ವರ್ಷ. ಫ್ಲೀಟ್, ರೈಸ್, ಭಂಡಾರಕರ್, ಸೆವೆಲ್ ಮೊದಲಾದವರು ಇಂಗ್ಲಿಷಿನಲ್ಲಿ ವಿದ್ವಾಂಸರಿಗಾಗಿ ಬರೆದಿಟ್ಟದ್ದು ಇಲ್ಲಿ ಸಾಮಾನ್ಯ ಓದುಗನ ಕನ್ನಡಕ್ಕೆ ಬಂತು. ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಇಮ್ಮಡಿ ಪುಲಕೇಶಿ, ಎಲ್ಲೋರದ ಕೈಲಾಸವನ್ನು ಕಡೆಸಿದ ರಾಷ್ಟ್ರಕೂಟ ಕೃಷ್ಣ, ೧೦೭೬ರಿಂದ ತನ್ನದೇ ಶಕೆಯನ್ನು ನಡೆಸಿದ ವಿಕ್ರಮಾದಿತ್ಯ, ಇವರೆಲ್ಲ ಮೊದಲ ಸಲ ಊರ ಚಾವಡಿಯ ಮಾತಿನಲ್ಲಿ ಸೇರಿಕೊಂಡರು. ನಾನು ಈ ಪುಸ್ತಕವನ್ನು ಎಂ.ಎ. ಓದುವಾಗ ಪರೀಕ್ಷೆಗೆಂದು ಓದಿದ್ದೆ. ಆಗ ಅದರ ದೋಷಗಳೇ ಕಂಡಿದ್ದವು. ದೋಷಗಳು ಇಲ್ಲವೆಂದಲ್ಲ. ಇತಿಹಾಸಕಾರನ ತಕ್ಕಡಿಗಿಂತ ವಕೀಲನ ವಾದ ಹೆಚ್ಚು; ನಮ್ಮವರೆಂದರೆ ಎಲ್ಲವೂ ಉಜ್ಜ್ವಲ, ಸೋಲಿಗೆಲ್ಲ ಹೊರಗಿನವರೇ ಕಾರಣ ಎನ್ನುವ ಧಾಟಿ. ವೈಭವದ ಹೊರಗಿದ್ದವರು, ಗುಡಿಗೆ ಕಲ್ಲು ಹೊತ್ತವರು, ಆ ಪುಟಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅವರು ಅಷ್ಟು ಭಕ್ತಿಯಿಂದ ಬರೆದ ವಿದ್ಯಾರಣ್ಯರ ವಿಷಯವೇ ಮುಂದೆ ವಾದಕ್ಕೆ ಬಿತ್ತು. ೧೯೨೯ರಲ್ಲಿ ಹೆರಾಸ್ ಪಾದ್ರಿಗಳು, ವಿದ್ಯಾರಣ್ಯರು ರಾಜ್ಯ ಸ್ಥಾಪಿಸಿದರೆಂಬ ಕಥೆ ಬಹಳ ಕಾಲದ ಮೇಲೆ ಕಟ್ಟಿದ್ದೆಂದು ವಾದಿಸಿದರು. ಆ ಚರ್ಚೆ ಪೂರ್ತಿ ಅಡಗಿಲ್ಲ. ವೆಂಕಟರಾಯರು ಮುಂದೆ ಬೆಳೆಸಿದ ‘ಕರ್ನಾಟಕತ್ವ’ದ ತತ್ತ್ವವಂತೂ ನನ್ನಂಥವನಿಗೆ ಅರ್ಧಕ್ಕಿಂತ ಹೆಚ್ಚು ದಕ್ಕುವುದಿಲ್ಲ. ಆದರೂ ಒಂದನ್ನು ಒಪ್ಪಬೇಕು. ತಪ್ಪು ಹಿಡಿಯಲು ಒಂದು ಪುಸ್ತಕವಾದರೂ ಅಲ್ಲಿತ್ತು. ನನ್ನ ಕೆಂಪು ರಟ್ಟಿನ ಪುಸ್ತಕದಲ್ಲಿ ಹಾಲಿನ ಲೆಕ್ಕವನ್ನು ಬಿಟ್ಟರೆ ತಪ್ಪು ಹಿಡಿಯುವುದಕ್ಕೂ ಏನೂ ಇಲ್ಲ.

ಇವರ ಜೊತೆಯಲ್ಲೇ ನೆನೆಯಬೇಕಾದವರು ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು. ಅವರ ಸ್ಫೂರ್ತಿಯೂ ಎರವಲೇ. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ತಂದು ಕೈ ಪಳಗಿಸಿಕೊಂಡವರು ಅವರು. ೧೯೦೭ರಲ್ಲಿ ಅಗಡಿಯಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಅವರ ದುಡಿಮೆಯ ಫಲ. ಕೊನೆಗೆ ವಿಜಯನಗರದ ಸ್ಥಾಪನೆಯನ್ನೇ ವಸ್ತು ಮಾಡಿಕೊಂಡು ‘ಮಾಧವ ಕರುಣಾವಿಲಾಸ’ವನ್ನು ಬರೆದರು. ಬರೆದಮೇಲೆ ಏನು ಮಾಡಿದರು? ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ಮಾರಿದರು. ಕನ್ನಡ ಕಾದಂಬರಿಗೆ ಓದುಗರು ಇಲ್ಲವೆಂದು ನಾವು ಸ್ಟಾಫ್ ರೂಮಿನಲ್ಲಿ ಕುಳಿತು ಕಾಫಿಯೊಡನೆ ದುಃಖಪಡುವಾಗ ಆ ಗಂಟು ನನ್ನ ಕಣ್ಣ ಮುಂದೆ ಬಂದುಬಿಡುತ್ತದೆ. ಮಾತು ಮುಂದುವರಿಸಲು ಬಾಯಿ ಬರುವುದಿಲ್ಲ.

ವೆಂಕಟರಾಯರ ಮುಂದಿನ ಕಥೆ ಹೆಚ್ಚು ಪರಿಚಿತವಾದದ್ದು. ಬೇಗ ಹೇಳಿ ಮುಗಿಸುತ್ತೇನೆ. ವಕೀಲಿಯನ್ನು ಬಿಟ್ಟರು, ಅದರೊಂದಿಗೆ ನಿಶ್ಚಿಂತೆಯ ವರಮಾನವೂ ಹೋಯಿತು. ರಾಷ್ಟ್ರೀಯ ಶಿಕ್ಷಣ, ಸ್ವದೇಶಿ, ಎಲ್ಲದರಲ್ಲೂ ಕೈ ಹಾಕಿದರು. ಕೈ ಹಾಕಿದ್ದೆಲ್ಲ ಉಳಿಯಲಿಲ್ಲ. ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದರು. ೧೯೨೨ರಲ್ಲಿ ‘ಜಯಕರ್ನಾಟಕ’ ಮಾಸಪತ್ರಿಕೆಯನ್ನು ಹೊರಡಿಸಿದರು. ಅದಕ್ಕೆ ಎರಡು ವರ್ಷ ಮೊದಲೇ, ೧೯೨೦ರಲ್ಲಿ, ನಾಗಪುರದ ಕಾಂಗ್ರೆಸ್ಸು ಭಾಷೆಯ ಆಧಾರದ ಮೇಲೆ ಪ್ರಾಂತಗಳನ್ನು ರಚಿಸಿಕೊಳ್ಳಲು ಒಪ್ಪಿತ್ತು. ಕನ್ನಡಿಗರಿಗೆ ತಮ್ಮದೊಂದು ಪ್ರದೇಶ ಸಮಿತಿ ದೊರೆತಿತ್ತು. ೧೯೨೪ರಲ್ಲಿ ಗಾಂಧಿಯವರ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನ ಸಮಯದಲ್ಲೇ ಕರ್ನಾಟಕ ಏಕೀಕರಣದ ಪರಿಷತ್ತೂ ಸೇರಿತು. ೧೯೩೦ರ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ವೆಂಕಟರಾಯರೇ ಅಧ್ಯಕ್ಷರು. ೧೯೫೬ರ ನವೆಂಬರ್ ೧ರಂದು ರಾಜ್ಯ ಒಂದಾದಾಗ ಅವರಿಗೆ ಎಪ್ಪತ್ತಾರು. ಹಂಪೆಗೆ ಹೋಗಿ ವಿರೂಪಾಕ್ಷನ ಸನ್ನಿಧಿಯಲ್ಲಿ ಪೂಜೆ ಸಲ್ಲಿಸಿದರು. ಈ ಸಲ ಹೊಳೆ ದಾಟಿದರೆ ಸರ್ಕಾರ ಬದಲಾಗುತ್ತಿರಲಿಲ್ಲ. ಆದರೆ ರಾಜ್ಯದ ಹೆಸರು ಇನ್ನೂ ಮೈಸೂರು. ಅದು ಕರ್ನಾಟಕವಾದದ್ದು ೧೯೭೩ರಲ್ಲಿ. ವೆಂಕಟರಾಯರು ೧೯೬೪ರ ಫೆಬ್ರವರಿ ೨೫ರಂದೇ ತೀರಿಕೊಂಡಿದ್ದರು.

ನನ್ನ ತರಗತಿಯಲ್ಲಿ ಒಮ್ಮೆ ಹುಡುಗಿಯೊಬ್ಬಳು ಕೇಳಿದಳು: “ಸಾರ್, ಅವರು ಹಂಪೆಗೆ ಹೋಗದೇ ಇದ್ದಿದ್ದರೆ?” ಚರಿತ್ರೆಯಲ್ಲಿ ಅಂಥ ಪ್ರಶ್ನೆ ಕೇಳಬಾರದೆಂದು ಮೇಷ್ಟರ ಗತ್ತಿನಿಂದ ಹೇಳಿ ಕೂರಿಸಿದೆ. ಈಗ ಅನ್ನಿಸುತ್ತದೆ, ಅವಳು ಕೇಳಬೇಕಾಗಿದ್ದದ್ದು ಇನ್ನೊಂದು ಪ್ರಶ್ನೆ: ಹಂಪೆಯಿಂದ ಬಂದ ಮರುವರ್ಷ ಅವರು ‘ವಾಗ್ಭೂಷಣ’ದ ಕರಡು ತಿದ್ದಲು ಕೂರದೇ ಇದ್ದಿದ್ದರೆ?

ನನ್ನ ನೋಟುಪುಸ್ತಕಕ್ಕೆ ಹಿಂದಿರುಗುತ್ತೇನೆ. ತಾಲ್ಲೂಕಿನ ಶಾಸನಗಳು ಎಂಬ ಶೀರ್ಷಿಕೆಯನ್ನು ಹೊಡೆದುಹಾಕಿದ್ದೇನೆ. ಅದು ನನ್ನಿಂದಾಗುವ ಕೆಲಸವಲ್ಲ. ನಮ್ಮ ಊರಿನಿಂದ ಆರು ಮೈಲಿಯಲ್ಲಿ ಒಂದು ಈಶ್ವರನ ಗುಡಿ ಇದೆ. ಅದರ ಹಿಂದೆ ಲಂಟಾನದ ಪೊದೆಯಲ್ಲಿ ಮೂರು ವೀರಗಲ್ಲುಗಳು. ಒಂದರ ಮೇಲೆ ದನ ಬಟ್ಟೆ ತಿಕ್ಕಿಕೊಂಡಂತೆ ಮೈ ಉಜ್ಜಿಕೊಂಡು ಅಕ್ಷರಗಳನ್ನು ಸವೆಸಿಬಿಟ್ಟಿವೆ. ಹೋದ ಎರಡು ಭಾನುವಾರ ಅಲ್ಲಿಗೆ ಹೋಗಿದ್ದೆ. ಮೊದಲನೆಯ ವಾರ ಪೊದೆ ಕಡಿಯುವುದರಲ್ಲೇ ಕಳೆಯಿತು. ಪೂಜಾರಿಯ ಮೊಮ್ಮಗ ಕುಡುಗೋಲು ತಂದುಕೊಟ್ಟು, ನಿಧಿಗಾಗಿ ಬಂದವನೆಂದು ತಿಳಿದು ಸಂಜೆಯವರೆಗೂ ಕಣ್ಣು ಬಿಟ್ಟುಕೊಂಡು ಕುಳಿತಿದ್ದ. ಎರಡನೆಯ ವಾರ ಕಲ್ಲು ತೊಳೆದು, ನೆರಳು ಓರೆಯಾಗಿ ಬೀಳುವ ಹೊತ್ತಿಗೆ ಕಾದು, ನಡುವಿನ ಕಲ್ಲಿನ ಮೇಲಿನ ಪಟ್ಟಿಯಲ್ಲಿ ಎರಡು ಸಾಲು ಓದಿದೆ. ತುರು ಎಂಬ ಮಾತು ಸ್ಪಷ್ಟವಾಗಿದೆ. ಸತ್ತವನ ಹೆಸರಿನ ಕೊನೆಯ ಅಕ್ಷರ ‘ಯ’ ಎಂದು ಕಾಣುತ್ತದೆ. ಮೊದಲಿನದು ಇನ್ನೂ ಹತ್ತಿಲ್ಲ. ಬರುವ ಭಾನುವಾರ ಸ್ವಲ್ಪ ಬೇಗ ಹೊರಡಬೇಕು. ಒಂಬತ್ತು ಗಂಟೆಯ ಮೇಲೆ ಆ ಕಲ್ಲಿಗೆ ನೇರ ಬಿಸಿಲು ಬಿದ್ದು ಅಕ್ಷರಗಳು ಮಾಯವಾಗುತ್ತವೆ.